ವಾರ್ಡಿನಿಂದ ವಿಧಾನಸೌಧಕ್ಕೆ: ಧರ್ಮಸಿಂಗ್ ಹತ್ತಿದ ಮೆಟ್ಟಿಲು

2021ರ ಏಪ್ರಿಲ್. ಬಸವಕಲ್ಯಾಣದಲ್ಲಿ ಉಪಚುನಾವಣೆ. ಶಾಸಕ ಬಿ. ನಾರಾಯಣರಾವ್ ಹಿಂದಿನ ಸೆಪ್ಟೆಂಬರ್‌ನಲ್ಲಿ ಕೊರೊನಾಕ್ಕೆ ಬಲಿಯಾಗಿದ್ದರು. ತೆರವಾದ ಸೀಟಿಗೆ ಏಪ್ರಿಲ್ 17ರಂದು ಮತದಾನ. ಬೆಂಗಳೂರಿನಿಂದ ಇಡೀ ಸರ್ಕಾರ, ಇಡೀ ವಿರೋಧಪಕ್ಷ, ಅವರ ಹಿಂದೆ ನಮ್ಮಂಥ ಚಾನೆಲ್‌ಗಳ ವ್ಯಾನುಗಳು, ಎಲ್ಲ ಬಂದು ಆ ಊರಿನಲ್ಲಿ ಬಿಡಾರ ಹೂಡಿದ್ದವು.

ಒಂದು ಮಧ್ಯಾಹ್ನ ಹುಮನಾಬಾದ್ ಕಡೆಯಿಂದ ವಾಪಸ್ ಬರ್ತಾ ಸಸ್ತಾಪುರ ಬಂಗ್ಲಾ ಹತ್ತಿರ ಚಹಾಕ್ಕೆ ನಿಂತೆವು. ಪುಣೆ–ಹೈದರಾಬಾದ್ ಹೆದ್ದಾರಿ ಅದು. ಲಾರಿಗಳ ಸದ್ದಿನ ಮಧ್ಯೆ ಒಬ್ಬ ಹಿರಿಯರು ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಹಿಂದೊಮ್ಮೆ ಪುರಸಭೆ ಸದಸ್ಯರಾಗಿದ್ದವರಂತೆ. ಟಿವಿಯವರು ಅಂತ ಗೊತ್ತಾದ ಮೇಲೆ ಅವರೇ ಮಾತು ತೆಗೆದರು.

‘ಶಾಸಕರಿಗೇನ್ರಿ ಸರ್, ಐದು ವರ್ಷಕ್ಕೊಮ್ಮೆ ಪರೀಕ್ಷಾ. ನಮಗ ದಿನಾ ಮುಂಜಾನಿ ಪರೀಕ್ಷಾ. ನಳಕ್ಕ ನೀರ ಬರ್ಲಿಲ್ಲಂದ್ರ ಮಂದಿ ಖಾಲಿ ಕೊಡ ತಗೊಂಡು ಮನಿ ಮುಂದನೇ ನಿಂದರ್ತಾರ. ಮೀಟಿಂಗ್‌ನಾಗ ಇದ್ದಾರ ಅಂತ ಹೇಳಿ ಕಳಸಾಕ ನಮಗೇನು ಪಿಎ ಇರ್ತಾರೇನು?’

ನಾನು ನಕ್ಕೆ. ಅವರು ನಗಲಿಲ್ಲ. ‘ನಮ್ಮ ಎಂಪಿ ಇದ್ದರಲ್ಲ ಧರಂಸಿಂಗ್ ಸಾಹೇಬ್ರು, ಅವರೂ ಮೊದಲು ನಮ್ಮಂಗ ಮೆಂಬರ್ ಇದ್ದವರೇ’ ಅಂದರು. ಆಮೇಲೆ ಕೇಳಿದರು: ‘ಅದಿರ್ಲಿ, ಈ ಜಿಲ್ಲಾ ಪಂಚಾಯತಿ ಎಲೆಕ್ಷನ್ ಯಾವಾಗ್ರಿ? ಅವಧಿ ಮುಗೀತು ಅಂತಾರ.’

‘ಕೊರೊನಾ ಸ್ವಲ್ಪ ಇಳೀಲಿ ಕಾಕಾ, ಎರಡು ಮೂರು ತಿಂಗಳಲ್ಲಿ ಆಗಿಬಿಡುತ್ತೆ’ ಅಂದೆ. ಆಂಕರ್ ಅಲ್ವಾ, ಉತ್ತರ ಗೊತ್ತಿಲ್ಲದಿದ್ದರೂ ಗೊತ್ತಿರೋ ಹಾಗೆ ಹೇಳೋದು ಅಭ್ಯಾಸ ಆಗಿಬಿಟ್ಟಿರುತ್ತೆ. ಆ ಉತ್ತರದ ಕಥೆಗೆ ಕೊನೆಯಲ್ಲಿ ಬರ್ತೀನಿ. ಮೊದಲು ಆ ಹಿರಿಯರು ನೆನಪಿಸಿದ ಮನುಷ್ಯನ ಕಥೆ.

ಎನ್. ಧರ್ಮಸಿಂಗ್ ಹುಟ್ಟಿದ್ದು 1936ರ ಡಿಸೆಂಬರ್ 25ರಂದು, ಗುಲ್ಬರ್ಗ ಜಿಲ್ಲೆ ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ. ಆಗ ಅದು ಮೈಸೂರೂ ಅಲ್ಲ, ಮುಂಬೈಯೂ ಅಲ್ಲ, ನಿಜಾಮನ ಹೈದರಾಬಾದ್ ಸಂಸ್ಥಾನ. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷ ಕಳೆದರೂ ಈ ಭಾಗಕ್ಕೆ ಬಂದಿರಲಿಲ್ಲ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿದಾಗ ಧರ್ಮಸಿಂಗ್‌ಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. 1956ರಲ್ಲಿ ಭಾಷಾವಾರು ರಾಜ್ಯ ಆದಾಗ ಗುಲ್ಬರ್ಗ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಅಂದ್ರೆ ಇಪ್ಪತ್ತು ವರ್ಷ ತುಂಬುವುದರೊಳಗೆ ಈ ಹುಡುಗ ಒಂದೇ ಊರಿನಲ್ಲಿದ್ದುಕೊಂಡು ಮೂರು ಆಡಳಿತ ನೋಡಿದ್ದ. ಓದಿದ್ದು ಹೈದರಾಬಾದ್‌ನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ, ಎಂ.ಎ. ಮತ್ತು ಕಾನೂನು ಪದವಿ. ಮನೆಯ ಜಾತಿ ರಜಪೂತ. ಕರ್ನಾಟಕದ ಜಾತಿ ಲೆಕ್ಕಾಚಾರ ಗೊತ್ತಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮತ ಎಣಿಸೋಕೆ ಕೂತರೆ ಒಂದು ಬೂತ್ ಕೂಡ ತುಂಬದ ಸಮುದಾಯ.

ಇಂಥವರು ರಾಜಕೀಯಕ್ಕೆ ಬರೋದು ಹೇಗೆ? ಲಿಂಗಾಯತರ ಮಠ ಬೆನ್ನಿಗಿಲ್ಲ, ಒಕ್ಕಲಿಗರ ಸಂಘ ಇಲ್ಲ, ಮೀಸಲು ಕ್ಷೇತ್ರ ಇಲ್ಲ. ಅವರಿಗೆ ಸಿಕ್ಕ ಬಾಗಿಲು ಗುಲ್ಬರ್ಗ ನಗರದ ಮುನಿಸಿಪಾಲಿಟಿ. ವಕೀಲಿಕೆ ಮಾಡ್ತಿದ್ದ ಧರ್ಮಸಿಂಗ್ 1960ರ ದಶಕದಲ್ಲಿ ಅಲ್ಲಿನ ಸದಸ್ಯರಾಗಿ ಆಯ್ಕೆಯಾದರು.

ಮುನಿಸಿಪಾಲಿಟಿ ಮೆಂಬರ್ ಅಂದ್ರೆ ನಾವು ನಗ್ತೀವಿ. ಆದರೆ ಆ ಕೆಲಸ ಏನು ಅಂತ ಒಮ್ಮೆ ನೋಡಿ. ನೀರು, ಗಟಾರ, ಬೀದಿದೀಪ, ಕಸ, ಮನೆ ಖಾತೆ, ಅಂಗಡಿ ಲೈಸೆನ್ಸ್, ಹುಟ್ಟಿದ ಸರ್ಟಿಫಿಕೇಟ್, ಸತ್ತ ಸರ್ಟಿಫಿಕೇಟ್. ಇದರಲ್ಲಿ ಯಾವುದಕ್ಕೂ ಸಿದ್ಧಾಂತ ಬೇಕಿಲ್ಲ. ಗಟಾರಕ್ಕೆ ಪಕ್ಷ ಇಲ್ಲ. ಮೇಲಿನ ಓಣಿಯ ನೀರು ಕೆಳಗಿನ ಓಣಿಗೆ ಹೋಗಲೇಬೇಕು, ಎರಡು ಓಣಿಯವರೂ ಜಗಳಕ್ಕೆ ನಿಂತಿರ್ತಾರೆ, ಇಬ್ಬರದ್ದೂ ಓಟು ಬೇಕು. ಜೊತೆಗೆ ದುಡ್ಡು ಇರೋದು ಒಂದು ಗಟಾರಕ್ಕೆ, ಬೇಡಿಕೆ ಇರೋದು ಹತ್ತು ಗಟಾರಕ್ಕೆ. ಹತ್ತು ಜನರನ್ನ ಕೂಡಿಸಿ ಒಂಬತ್ತು ಜನಕ್ಕೆ ‘ಮುಂದಿನ ವರ್ಷ’ ಅಂತ ಒಪ್ಪಿಸಿ, ಅವರು ಸಿಟ್ಟಾಗದ ಹಾಗೆ ಮನೆಗೆ ಕಳಿಸಬೇಕು. ದಶಕಗಳು ಕಳೆದ ಮೇಲೆ ಇದನ್ನೇ ನಾವು ‘ಸಮ್ಮಿಶ್ರ ಸರ್ಕಾರ ನಡೆಸುವ ಕಲೆ’ ಅಂತ ಸ್ಟುಡಿಯೋದಲ್ಲಿ ಕೂತು ಚರ್ಚೆ ಮಾಡಿದೆವು.

ಮುನಿಸಿಪಾಲಿಟಿಯಿಂದ ಜೇವರ್ಗಿಗೆ ಬಂದ ಧರ್ಮಸಿಂಗ್ ಅಲ್ಲಿ ಏನು ಮಾಡಿದರು ನೋಡಿ. 1978, 1983, 1985, 1989, 1994, 1999, 2004. ಈ ಏಳೂ ವಿಧಾನಸಭಾ ಚುನಾವಣೆಗಳಲ್ಲಿ ಗೆಲುವು. ಎಲ್ಲವೂ ಸುಲಭದ ವರ್ಷಗಳಲ್ಲ. 1983ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಮೊದಲ ಬಾರಿ ಅಧಿಕಾರ ಕಳೆದುಕೊಂಡಿತು, ಮುಖ್ಯಮಂತ್ರಿ ಗುಂಡೂರಾವ್ ಅವರೇ ಸೋತರು. 1994ರಲ್ಲಿ ಕಾಂಗ್ರೆಸ್‌ಗೆ ಬಂದಿದ್ದು ಬರೀ 34 ಸೀಟು. ಆ ಎರಡೂ ಅಲೆಗಳಲ್ಲಿ ಜೇವರ್ಗಿ ಅಲುಗಾಡಲಿಲ್ಲ. ತನ್ನ ಜಾತಿಯ ಓಟೇ ಇಲ್ಲದ ಕ್ಷೇತ್ರದಲ್ಲಿ ಇಷ್ಟು ವರ್ಷ ಒಬ್ಬ ಮನುಷ್ಯ ನಿಲ್ಲಬೇಕು ಅಂದ್ರೆ ದಾರಿ ಒಂದೇ. ಎಲ್ಲ ಓಣಿಗೂ ಹೋಗಬೇಕು. ಯಾವ ಓಣಿಯೂ ತನ್ನದಲ್ಲ ಅಂದಾಗ ಎಲ್ಲವನ್ನೂ ತನ್ನದು ಮಾಡಿಕೊಳ್ಳಬೇಕು. ವಾರ್ಡ್ ಕಲಿಸಿದ ಪಾಠ ಅದು.

ಇನ್ನೊಂದು ಪಾಠವೂ ಇದೆ, ಜಾಗ ಬಿಟ್ಟುಕೊಡೋದು. 1980ರ ಲೋಕಸಭಾ ಚುನಾವಣೆಯಲ್ಲಿ ಧರ್ಮಸಿಂಗ್ ಗುಲ್ಬರ್ಗದಿಂದ ಗೆದ್ದರು. ಅದೇ ಚುನಾವಣೆಯಲ್ಲಿ ನವದೆಹಲಿ ಕ್ಷೇತ್ರದಲ್ಲಿ ವಾಜಪೇಯಿ ಎದುರು ಸೋತಿದ್ದ ಕೇರಳದ ನಾಯಕ ಸಿ.ಎಂ. ಸ್ಟೀಫನ್ ಅವರನ್ನ ಇಂದಿರಾ ಗಾಂಧಿ ಸಂಸತ್ತಿಗೆ ತರಬೇಕಿತ್ತು. ಧರ್ಮಸಿಂಗ್ ರಾಜೀನಾಮೆ ಕೊಟ್ಟರು. ಸ್ಟೀಫನ್ ಗುಲ್ಬರ್ಗದಿಂದ ಗೆದ್ದು ಕೇಂದ್ರ ಮಂತ್ರಿಯಾದರು, ಧರ್ಮಸಿಂಗ್ ಗುಂಡೂರಾವ್ ಸಂಪುಟ ಸೇರಿದರು. ಇದನ್ನ ತ್ಯಾಗ ಅಂತೀರಾ, ವ್ಯವಹಾರ ಅಂತೀರಾ? ನನ್ನ ಪ್ರಕಾರ ಎರಡೂ. ಗೆದ್ದ ಸೀಟನ್ನ ಹೈಕಮಾಂಡ್ ಕೇಳಿದ ತಕ್ಷಣ ಕೊಟ್ಟ ಆ ಸ್ವಭಾವ ಅವರನ್ನ ಮುಂದೆ ಮೇಲಕ್ಕೂ ಒಯ್ದಿತು, ಅವರ ಬೆನ್ನುಮೂಳೆ ಬಗ್ಗೆ ಪ್ರಶ್ನೆಯನ್ನೂ ಹುಟ್ಟುಹಾಕಿತು. ಆಮೇಲೆ ಬಂಗಾರಪ್ಪ, ಮೊಯಿಲಿ ಸಂಪುಟ, ಎಸ್.ಎಂ. ಕೃಷ್ಣ ಕಾಲದಲ್ಲಿ ಲೋಕೋಪಯೋಗಿ ಇಲಾಖೆ. ಜೊತೆಗಾರ ಮಲ್ಲಿಕಾರ್ಜುನ ಖರ್ಗೆ. ಇಬ್ಬರನ್ನೂ ಸೇರಿಸಿ ಗುಲ್ಬರ್ಗದ ಜನ ‘ಲವ–ಕುಶ’ ಅಂತ ಕರೆದರು.

ಈಗ 2004ಕ್ಕೆ ಬನ್ನಿ. ವಿಧಾನಸಭೆ ಫಲಿತಾಂಶ: ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಬಹುಮತಕ್ಕೆ ಬೇಕಾಗಿದ್ದು 113. ಯಾರಿಗೂ ಇಲ್ಲ. ಕಾಂಗ್ರೆಸ್ ಮತ್ತು ಜೆಡಿಎಸ್ ಕೈಜೋಡಿಸಿದವು, ಮೇ 28ರಂದು ಧರ್ಮಸಿಂಗ್ ಮುಖ್ಯಮಂತ್ರಿ, ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಹೈದರಾಬಾದ್ ಕರ್ನಾಟಕದಿಂದ ಆ ಕುರ್ಚಿಗೆ ಬಂದವರು ಅಲ್ಲಿವರೆಗೆ ಒಬ್ಬರೇ, ಚಿಂಚೋಳಿಯ ವೀರೇಂದ್ರ ಪಾಟೀಲರು. ಧರ್ಮಸಿಂಗ್ ಎರಡನೆಯವರು.

ವೀಕ್ಷಕರೇ, ಆ ದಿನದ ಚಿತ್ರವನ್ನ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮುಖ್ಯಮಂತ್ರಿ ಧರ್ಮಸಿಂಗ್, ಗುಲ್ಬರ್ಗ ಮುನಿಸಿಪಾಲಿಟಿಯಿಂದ ಬಂದವರು. ಉಪಮುಖ್ಯಮಂತ್ರಿ ಸಿದ್ದರಾಮಯ್ಯ, 1978ರಲ್ಲಿ ಮೈಸೂರು ತಾಲೂಕು ಅಭಿವೃದ್ಧಿ ಮಂಡಳಿ ಸದಸ್ಯರಾಗಿ ಶುರು ಮಾಡಿದವರು. ಸರ್ಕಾರದ ಕೀಲಿಕೈ ಇಟ್ಟುಕೊಂಡಿದ್ದ ಎಚ್.ಡಿ. ದೇವೇಗೌಡರು, ಹೊಳೆನರಸೀಪುರ ತಾಲೂಕು ಅಭಿವೃದ್ಧಿ ಮಂಡಳಿಯಲ್ಲಿದ್ದವರು. ಎದುರು ವಿರೋಧಪಕ್ಷದ ನಾಯಕ ಬಿ.ಎಸ್. ಯಡಿಯೂರಪ್ಪ, 1975ರಲ್ಲಿ ಶಿಕಾರಿಪುರ ಪುರಸಭೆಗೆ ಆಯ್ಕೆಯಾದವರು. ನಾಲ್ಕು ದಿಕ್ಕಿನ ನಾಲ್ಕು ಜನ, ನಾಲ್ಕು ಜಾತಿ, ಮೂರು ಪಕ್ಷ. ಓದಿದ ಶಾಲೆ ಮಾತ್ರ ಒಂದೇ, ಸ್ಥಳೀಯ ಸಂಸ್ಥೆ. ಸಂಸತ್ತಿನಲ್ಲಿ ಭಾಷಣ ಮಾಡಿ, ಸಿನಿಮಾದಲ್ಲಿ ಹೆಸರು ಮಾಡಿ, ಅಪ್ಪನ ಕೈ ಹಿಡಿದು ಮೇಲೆ ಬಂದವರಲ್ಲ ಅವರು. ಕೆಳಗಿನ ಮೆಟ್ಟಿಲಿಂದ ಹತ್ತಿದವರು.

ಇದು ನಮ್ಮಲ್ಲಿ ಮಾತ್ರ ಆಗೋ ವಿಷಯ ಅಂದ್ಕೋಬೇಡಿ. ಅದೇ ಕಾಲಕ್ಕೆ ಸ್ಪೇನ್ ದೇಶದ ಕ್ಯಾಟಲೋನಿಯಾ ಅನ್ನೋ ಪ್ರಾಂತ್ಯದಲ್ಲಿ ಇದೇ ಥರದ ಕಥೆ ನಡೀತಿತ್ತು. ಬಾರ್ಸಿಲೋನಾ ಫುಟ್‌ಬಾಲ್ ತಂಡದ ಊರು ಅಂದ್ರೆ ನಿಮಗೆ ತಕ್ಷಣ ಗೊತ್ತಾಗುತ್ತೆ. ನಮ್ಮ ಹಾಗೆ ಅವರಿಗೂ ತಮ್ಮ ಭಾಷೆ, ತಮ್ಮ ನೆಲ ಅಂದ್ರೆ ಜೀವ. ಅಲ್ಲಿ ಹೊಸೆ ಮೊಂತಿಯಾ ಅಂತ ಒಬ್ಬ ನಾಯಕ. ಹುಟ್ಟಿದ್ದು ದೂರದ ದಕ್ಷಿಣದ ಆಂಡಲೂಸಿಯಾದ ಒಂದು ಹಳ್ಳಿಯಲ್ಲಿ. ಹದಿನಾರರ ವಯಸ್ಸಿಗೆ ಕ್ಯಾಟಲೋನಿಯಾಕ್ಕೆ ವಲಸೆ. ಫ್ರಾಂಕೋನ ಸರ್ವಾಧಿಕಾರ ಮುಗಿದು 1979ರಲ್ಲಿ ಮೊದಲ ಸ್ಥಳೀಯ ಚುನಾವಣೆ ನಡೆದಾಗ ಒಂದು ಸಣ್ಣ ಪಟ್ಟಣದ ಕೌನ್ಸಿಲರ್ ಆದ. 1985ರಿಂದ 2004ರವರೆಗೆ ಬಾರ್ಸಿಲೋನಾ ಪಕ್ಕದ ಕೊರ್ನೆಯಾ ಅನ್ನೋ ಕಾರ್ಮಿಕರ ಊರಿಗೆ ಮೇಯರ್. 2006ರಲ್ಲಿ ಮೂರು ಪಕ್ಷಗಳ ಸಮ್ಮಿಶ್ರ ಸರ್ಕಾರಕ್ಕೆ ಅಧ್ಯಕ್ಷ, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಈತನಿಗೆ ಕ್ಯಾಟಲಾನ್ ಭಾಷೆ ಸರಿಯಾಗಿ ಬರಲ್ಲ ಅಂತ ಜನ ಗೇಲಿ ಮಾಡಿದರು. ಆದರೂ ನಾಲ್ಕು ವರ್ಷ ಸರ್ಕಾರ ನಡೆಸಿ 2010ರಲ್ಲಿ ಸೋತು ಇಳಿದ. ಅವನಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಪಾಸ್ಕ್ವಾಲ್ ಮರಗಾಲ್ ಕೂಡ ಬಾರ್ಸಿಲೋನಾದ ಮೇಯರ್ ಆಗಿದ್ದವರೇ.

ಜಾತಿಬಲವಿಲ್ಲದ ರಜಪೂತ ನಮ್ಮಲ್ಲಿ, ಹೊರಗಿನಿಂದ ಬಂದ ವಲಸಿಗ ಅಲ್ಲಿ. ಇಬ್ಬರಿಗೂ ನೇರ ದಾರಿ ಮುಚ್ಚಿತ್ತು, ಊರಿನ ಸಭೆಯ ಬಾಗಿಲು ತೆರೆದಿತ್ತು. ಪ್ರಜಾಪ್ರಭುತ್ವದಲ್ಲಿ ಸ್ಥಳೀಯ ಸಂಸ್ಥೆಗಳು ಯಾಕೆ ಬೇಕು ಅಂದ್ರೆ ಗಟಾರ ಕಟ್ಟೋಕೆ ಅಂತ ನಾವು ಹೇಳ್ತೀವಿ. ಗಟಾರವನ್ನ ಎಂಜಿನಿಯರ್ ಕೂಡ ಕಟ್ಟಿಸಬಹುದು, ನಾನೂ ಎಂಜಿನಿಯರಿಂಗ್ ಓದಿದವನೇ. ಆದರೆ ದುಡ್ಡಿಲ್ಲದವನಿಗೆ, ಜಾತಿಯಿಲ್ಲದವನಿಗೆ, ಅಪ್ಪನಿಲ್ಲದವನಿಗೆ ರಾಜಕೀಯದ ಬಾಗಿಲು ತೆರೆಯೋ ಕೆಲಸವನ್ನ ಯಾವ ಎಂಜಿನಿಯರೂ ಮಾಡಲಾರ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಶ್ರದ್ಧಾಂಜಲಿ ಆಗುತ್ತೆ, ಇತಿಹಾಸ ಆಗಲ್ಲ. ಧರ್ಮಸಿಂಗ್ ಸರ್ಕಾರ ಬಿದ್ದಿದ್ದು ಹೇಗೆ ಅಂತಲೂ ನೋಡಬೇಕು. ಅಹಿಂದ ಸಮಾವೇಶಗಳ ವಿವಾದದಲ್ಲಿ 2005ರಲ್ಲಿ ಸಿದ್ದರಾಮಯ್ಯ ಉಪಮುಖ್ಯಮಂತ್ರಿ ಸ್ಥಾನ ಕಳೆದುಕೊಂಡರು, ಎಂ.ಪಿ. ಪ್ರಕಾಶ್ ಆ ಜಾಗಕ್ಕೆ ಬಂದರು. ಅದೇ ವರ್ಷದ ಕೊನೆಗೆ ಜಿಲ್ಲಾ, ತಾಲೂಕು ಪಂಚಾಯಿತಿ ಚುನಾವಣೆ. ವಿಧಾನಸೌಧದಲ್ಲಿ ಜೊತೆಯಾಗಿದ್ದ ಎರಡು ಪಕ್ಷಗಳು ಜಿಲ್ಲೆಗಳಲ್ಲಿ ಎದುರಾಳಿಗಳು. ಫಲಿತಾಂಶ ಬಂದ ಮೇಲೆ ಜಿಲ್ಲಾ ಪಂಚಾಯಿತಿಗಳಲ್ಲಿ ಅಧಿಕಾರ ಹಿಡಿಯೋಕೆ ಕಾಂಗ್ರೆಸ್ ಸಿದ್ದರಾಮಯ್ಯ ಬೆಂಬಲಿಗರ ಜೊತೆ ಹೋಗೋ ಮಾತು ಬಂತು. ಜೆಡಿಎಸ್ ಕೆರಳಿತು. 2006ರ ಜನವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಶಾಸಕರನ್ನ ಕರೆದುಕೊಂಡು ರಾಜ್ಯಪಾಲರ ಹತ್ತಿರ ಹೋದರು, ಬಿಜೆಪಿ ಜೊತೆ ಸೇರಿದರು. ಜನವರಿ 28ಕ್ಕೆ ಧರ್ಮಸಿಂಗ್ ಆಡಳಿತ ಮುಗಿಯಿತು. ಸರಿಯಾಗಿ ಇಪ್ಪತ್ತು ತಿಂಗಳು. ಸ್ಥಳೀಯ ಸಂಸ್ಥೆಯಿಂದ ಮೇಲೆ ಬಂದ ಮುಖ್ಯಮಂತ್ರಿಯ ಕುರ್ಚಿ ಸ್ಥಳೀಯ ಸಂಸ್ಥೆಯ ಚುನಾವಣೆಯ ಬಿಸಿಯಲ್ಲೇ ಕರಗಿತು. ಕುಮಾರಸ್ವಾಮಿಯವರ ದಾರಿ ಬೇರೆ. ಅವರ ಮೊದಲ ಗೆಲುವೇ 1996ರ ಲೋಕಸಭೆ, ಕನಕಪುರದಿಂದ. ಅದು ತಪ್ಪು ಅಂತ ಹೇಳ್ತಿಲ್ಲ. ಆದರೆ ಹತ್ತು ಓಣಿಯವರನ್ನ ಕೂಡಿಸಿ ಒಪ್ಪಿಸೋ ಹಳೆಯ ರಾಜಕೀಯ ಅವತ್ತು ಸೋತಿತು, ರಾತ್ರೋರಾತ್ರಿ ಲೆಕ್ಕ ತಿರುಗಿಸೋ ಹೊಸ ರಾಜಕೀಯ ಗೆದ್ದಿತು. ಆಮೇಲೆ ಬಂದ ರೆಸಾರ್ಟ್‌ಗಳು, ಆಪರೇಷನ್‌ಗಳು ನಿಮಗೆ ಗೊತ್ತೇ ಇವೆ.

ಧರ್ಮಸಿಂಗ್ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಪುಟಗಳೂ ಇವೆ. ಲೋಕಾಯುಕ್ತ ಸಂತೋಷ್ ಹೆಗ್ಡೆ 2008ರ ಡಿಸೆಂಬರ್‌ನಲ್ಲಿ ಕೊಟ್ಟ ಅಕ್ರಮ ಗಣಿಗಾರಿಕೆಯ ಮೊದಲ ವರದಿಯಲ್ಲಿ ಧರ್ಮಸಿಂಗ್ ಹೆಸರಿತ್ತು. ಅವರ ಕಾಲದ ತೀರ್ಮಾನದಿಂದ ಬೊಕ್ಕಸಕ್ಕೆ 23.22 ಕೋಟಿ ರೂಪಾಯಿ ನಷ್ಟ ಆಗಿದೆ, ಅವರಿಂದ ವಸೂಲಿ ಮಾಡಿ ಅಂತ ಆ ವರದಿ ಹೇಳಿತು. ಅವರು ಆರೋಪವನ್ನ ಒಪ್ಪಲಿಲ್ಲ. ಆದರೆ ಎಲ್ಲರಿಗೂ ‘ಆಯ್ತು’ ಅನ್ನೋ ಸ್ವಭಾವಕ್ಕೆ ಒಂದು ಬೆಲೆ ಇದೆ. ವಾರ್ಡಿನಲ್ಲಿ ‘ಆಯ್ತು’ ಅಂದ್ರೆ ಒಂದು ಬೀದಿದೀಪ. ವಿಧಾನಸೌಧದಲ್ಲಿ ಅದೇ ಮಾತಿಗೆ ಬಳ್ಳಾರಿಯ ಗುಡ್ಡಗಳೇ ಹೋಗಬಹುದು.

ಇನ್ನೊಂದು ಪುಟ ನನಗೆ ಇನ್ನೂ ಹೆಚ್ಚು ಕಾಡುತ್ತೆ. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ, ಅಬ್ದುಲ್ ನಜೀರ್ ಸಾಬ್ ಮುಂದಾಳತ್ವದಲ್ಲಿ, ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿಗಳ ಕಾನೂನು ತಂದಿತು. ದೇಶವೇ ತಿರುಗಿ ನೋಡಿದ ಪ್ರಯೋಗ ಅದು. 1987ರಲ್ಲಿ ಚುನಾವಣೆ ಆಯ್ತು. ಐದು ವರ್ಷದ ಅವಧಿ ಮುಗಿದಾಗ 1992ರಲ್ಲಿ ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನ ಕೂರಿಸಿದರು. ಆಗ ಇದ್ದದ್ದು ಬಂಗಾರಪ್ಪ ಸರ್ಕಾರ. ಆ ಸಂಪುಟದಲ್ಲಿ ಧರ್ಮಸಿಂಗ್ ಕೂಡ ಇದ್ದರು. ತಾನು ಹತ್ತಿ ಬಂದ ಮೆಟ್ಟಿಲನ್ನ ಸರ್ಕಾರ ಮುರಿಯುವಾಗ ಮುನಿಸಿಪಾಲಿಟಿಯಿಂದ ಬಂದ ಸಚಿವರು ಅಲ್ಲೇ ಕೂತಿದ್ದರು. ಅವರೊಬ್ಬರೇ ಅಲ್ಲ, ಅವರ ತಲೆಮಾರಿನ ಬಹುತೇಕ ನಾಯಕರು ಮಾಡಿದ್ದು ಇದನ್ನೇ. ಮೇಲೆ ಹೋದ ಮೇಲೆ ಕೆಳಗಿನ ಮೆಟ್ಟಿಲ ಮೇಲೆ ಇನ್ನೊಬ್ಬ ಹತ್ತುತ್ತಿದ್ದರೆ ಶಾಸಕರಿಗೆ ಅವನು ಪ್ರತಿಸ್ಪರ್ಧಿಯಾಗಿ ಕಾಣ್ತಾನೆ.

ಈಗ ಬೀದರ್‌ಗೆ ಬರೋಣ. ನೆಲೋಗಿಯ ಧರ್ಮಸಿಂಗ್ ಹುಮನಾಬಾದ್, ಬಸವಕಲ್ಯಾಣದ ಎಂಪಿ ಹೇಗಾದರು? 2008ರಲ್ಲಿ ಜೇವರ್ಗಿ ಕೈಕೊಟ್ಟಿತು. ಏಳು ಚುನಾವಣೆಯ ಗೆಲುವು ನೂರಕ್ಕಿಂತ ಕಡಿಮೆ ಮತಗಳಲ್ಲಿ ಮುಗಿದುಹೋಯಿತು. ಅದೇ ಹೊತ್ತಿಗೆ ಕ್ಷೇತ್ರ ಪುನರ್ವಿಂಗಡಣೆ ಆಯ್ತು. ಗುಲ್ಬರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು, ಅಲ್ಲಿವರೆಗೆ ಮೀಸಲಾಗಿದ್ದ ಬೀದರ್ ಸಾಮಾನ್ಯ ಕ್ಷೇತ್ರ ಆಯಿತು. ಖರ್ಗೆ ಗುಲ್ಬರ್ಗಕ್ಕೆ, ಧರ್ಮಸಿಂಗ್ ಬೀದರ್‌ಗೆ. ಲವ ಒಂದು ಕಡೆ, ಕುಶ ಇನ್ನೊಂದು ಕಡೆ.

ಬೀದರ್‌ಗೆ ತನ್ನದೇ ಪರಂಪರೆ ಇತ್ತು. ಹುಮನಾಬಾದ್‌ನವರೇ ಆದ ರಾಮಚಂದ್ರ ವೀರಪ್ಪ 1962 ಮತ್ತು 1967ರಲ್ಲಿ ಕಾಂಗ್ರೆಸ್‌ನಿಂದ, ಆಮೇಲೆ 1991ರಿಂದ 2004ರವರೆಗೆ ಐದು ಸಲ ಬಿಜೆಪಿಯಿಂದ, ಒಟ್ಟು ಏಳು ಬಾರಿ ಇಲ್ಲಿಂದ ಲೋಕಸಭೆಗೆ ಹೋದವರು. ತೊಂಬತ್ತು ದಾಟಿದ ವಯಸ್ಸಿನಲ್ಲೂ ಗೆದ್ದರು, 2004ರ ಜುಲೈನಲ್ಲಿ ಸಂಸದರಾಗಿಯೇ ತೀರಿಕೊಂಡರು. ಅಂಥ ನೆಲಕ್ಕೆ ಹೊರಗಿನವರಾಗಿ ಬಂದ ಮಾಜಿ ಮುಖ್ಯಮಂತ್ರಿ 2009ರಲ್ಲಿ ಗೆದ್ದರು. ಎಪ್ಪತ್ತೆರಡನೇ ವಯಸ್ಸಿನಲ್ಲಿ ಮತ್ತೆ ಹೊಸ ಓಣಿಗಳನ್ನ ಕಲಿಯೋ ಕೆಲಸ.

ಆ ಅವಧಿಯ ದೊಡ್ಡ ಫಲ ಸಂವಿಧಾನದ 371ಜೆ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡೋಕೆ ಆಗಲ್ಲ ಅಂತ ಹಿಂದೆ ಎಲ್.ಕೆ. ಅಡ್ವಾಣಿ ಗೃಹಮಂತ್ರಿಯಾಗಿದ್ದಾಗ ಉತ್ತರ ಬಂದಿತ್ತು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನ ಒಪ್ಪಿತು. ಆಗ ಗುಲ್ಬರ್ಗದ ಸಂಸದ ಖರ್ಗೆ, ಕೇಂದ್ರದಲ್ಲಿ ಮಂತ್ರಿ. ಬೀದರ್ ಸಂಸದ ಧರ್ಮಸಿಂಗ್. ಇವತ್ತು ಹುಮನಾಬಾದ್‌ನ ಒಬ್ಬ ಹುಡುಗಿಗೆ ಮೆಡಿಕಲ್ ಸೀಟು, ಬಸವಕಲ್ಯಾಣದ ಹುಡುಗನಿಗೆ ಸರ್ಕಾರಿ ನೌಕರಿ ಸಿಗುವಾಗ ಆ ಕಲಮು ಕೆಲಸ ಮಾಡ್ತಿರುತ್ತೆ. 2019ರಲ್ಲಿ ಈ ಭಾಗದ ಹೆಸರನ್ನೇ ‘ಕಲ್ಯಾಣ ಕರ್ನಾಟಕ’ ಅಂತ ಬದಲಿಸಿದರು. ಆ ಕಲ್ಯಾಣ ಅಂದ್ರೆ ಇದೇ ಬಸವಕಲ್ಯಾಣ.

2014ರಲ್ಲಿ ಧರ್ಮಸಿಂಗ್ ಬಿಜೆಪಿಯ ಭಗವಂತ ಖೂಬಾ ಎದುರು ಸೋತರು. 2017ರ ಜುಲೈ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನೆಲೋಗಿಯಲ್ಲಿ. ಮೂರು ತಿಂಗಳ ನಂತರ, ಅಕ್ಟೋಬರ್ 29ಕ್ಕೆ, ಹುಮನಾಬಾದ್ ಮೇಲೆ ಹಾದುಹೋಗುವ ಬೀದರ್–ಕಲಬುರಗಿ ರೈಲು ಮಾರ್ಗವನ್ನ ಪ್ರಧಾನಿ ಮೋದಿ ಉದ್ಘಾಟಿಸಿದರು. ಎರಡು ಊರಿನ ನಡುವೆ ಸುಮಾರು 110 ಕಿಲೋಮೀಟರ್. ಆ ಎರಡೂ ಊರಿನಿಂದ ಸಂಸತ್ತಿಗೆ ಗೆದ್ದಿದ್ದ ಮನುಷ್ಯ ಆ ರೈಲು ಹತ್ತಲಿಲ್ಲ.

ಅವರ ಮಕ್ಕಳ ಕಥೆಯನ್ನೂ ಹೇಳಲೇಬೇಕು, ಯಾಕಂದ್ರೆ ಬದಲಾದ ಕಾಲ ಅಲ್ಲಿ ಕಾಣುತ್ತೆ. ಅಜಯ್ ಸಿಂಗ್ 2013ರಿಂದ ಜೇವರ್ಗಿ ಶಾಸಕರು. ವಿಜಯ್ ಸಿಂಗ್ ಬೀದರ್ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಹೋದರು, 2023ರಲ್ಲಿ ಬಸವಕಲ್ಯಾಣದಿಂದ ನಿಂತು ಶರಣು ಸಲಗರ ಎದುರು ಸೋತರು. ಸ್ಥಳೀಯ ಸಂಸ್ಥೆಗಳ ಕ್ಷೇತ್ರ ಅಂದ್ರೆ ಏನು ಗೊತ್ತಲ್ಲ? ಗ್ರಾಮ ಪಂಚಾಯಿತಿ ಸದಸ್ಯರು, ಪುರಸಭೆ ಸದಸ್ಯರು ಅಲ್ಲಿ ಮತದಾರರು. ಅಪ್ಪ ಮುನಿಸಿಪಾಲಿಟಿ ಮೆಂಬರ್ ಆಗಿ ಮೇಲೆ ಹೋದರು. ಮಗ ಮೆಂಬರ್‌ಗಳ ಓಟು ಪಡೆದು ಪರಿಷತ್ತಿಗೆ ಹೋದರು. ಇದು ಆ ಒಂದು ಮನೆಯ ತಪ್ಪಲ್ಲ, ಎಲ್ಲ ಪಕ್ಷಗಳಲ್ಲೂ ಇವತ್ತು ಇದೇ ಲೆಕ್ಕ. ನಾಯಕರು ಹುಟ್ಟುತ್ತಿದ್ದ ಜಾಗದಲ್ಲಿ ಈಗ ನಾಯಕರ ಮಕ್ಕಳಿಗೆ ಓಟು ಹಾಕುವವರು ಮಾತ್ರ ಉಳಿದಿದ್ದಾರೆ.

ಅವರಾದರೂ ಉಳಿದಿದ್ದಾರಾ? ಈಗ ಸಸ್ತಾಪುರ ಬಂಗ್ಲಾದ ಚಹಾ ಅಂಗಡಿಗೆ ವಾಪಸ್ ಬರೋಣ.

ಕರ್ನಾಟಕದಲ್ಲಿ ಜಿಲ್ಲಾ, ತಾಲೂಕು ಪಂಚಾಯಿತಿ ಚುನಾವಣೆ ನಡೆದಿದ್ದು 2016ರ ಫೆಬ್ರವರಿಯಲ್ಲಿ. ಅವಧಿ ಮುಗಿದಿದ್ದು 2021ರಲ್ಲಿ. ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ: ಅವಧಿ ಐದೇ ವರ್ಷ, ಅದು ಮುಗಿಯೋ ಮೊದಲೇ ಹೊಸ ಚುನಾವಣೆ ಆಗಬೇಕು. ಏನಾಯ್ತು? ಮೊದಲು ಕೊರೊನಾ. ಆಮೇಲೆ ಕ್ಷೇತ್ರ ವಿಂಗಡಣೆ. ಆಮೇಲೆ ಮೀಸಲಾತಿ. ಆಮೇಲೆ ಕೋರ್ಟು. ಯಡಿಯೂರಪ್ಪ ಹೋಗಿ ಬೊಮ್ಮಾಯಿ ಬಂದರು, ಬೊಮ್ಮಾಯಿ ಹೋಗಿ ಸಿದ್ದರಾಮಯ್ಯ ಬಂದರು. ಉಪಚುನಾವಣೆ ಆಯ್ತು, ವಿಧಾನಸಭೆ ಚುನಾವಣೆ ಆಯ್ತು, ಲೋಕಸಭೆ ಚುನಾವಣೆ ಆಯ್ತು. ಜಿಲ್ಲಾ ಪಂಚಾಯಿತಿ ಚುನಾವಣೆ ಮಾತ್ರ ನಾಲ್ಕು ವರ್ಷ ಕಳೆದರೂ ಆಗಲಿಲ್ಲ. ಶಿಕಾರಿಪುರ ಪುರಸಭೆಯಿಂದ ಬಂದವರೂ ಮಾಡಿಸಲಿಲ್ಲ, ಮೈಸೂರು ತಾಲೂಕು ಮಂಡಳಿಯಿಂದ ಬಂದವರೂ ಮಾಡಿಸಲಿಲ್ಲ. ಊರಿನ ಸಭೆಗಳ ಪಾಡೂ ಇಷ್ಟೇ. 2018ರಲ್ಲಿ ಗೆದ್ದ ಪುರಸಭೆ, ನಗರಸಭೆ ಸದಸ್ಯರು ಅಧ್ಯಕ್ಷರ ಮೀಸಲಾತಿ ಗೊಂದಲದಿಂದ ಎರಡು ವರ್ಷ ಅಧ್ಯಕ್ಷರೇ ಇಲ್ಲದೆ ಕಾದರು.

ಒಂದು ಲೆಕ್ಕ ಹಾಕಿ. 2021ರಲ್ಲಿ ಇಪ್ಪತ್ತೈದು ವರ್ಷದ ಒಬ್ಬ ಹುಡುಗ ಅಥವಾ ಹುಡುಗಿ, ಹುಮನಾಬಾದ್ ತಾಲೂಕಿನ ಯಾವುದೋ ಹಳ್ಳಿಯಲ್ಲಿ, ಸಣ್ಣ ಸಮುದಾಯ, ಕಾನೂನು ಪದವಿ, ಕೈಯಲ್ಲಿ ದುಡ್ಡಿಲ್ಲ, ಜಿಲ್ಲಾ ಪಂಚಾಯಿತಿಗೆ ನಿಲ್ಲೋ ಆಸೆ. ಆ ಮಗುವಿಗೆ ಈಗ ಮೂವತ್ತು ಹತ್ತಿರ. ಕಾದು ಕಾದು ಬೆಂಗಳೂರಿಗೋ ಹೈದರಾಬಾದ್‌ಗೋ ಕೆಲಸಕ್ಕೆ ಹೋಗಿರುತ್ತೆ. ನಾಳಿನ ಮುಖ್ಯಮಂತ್ರಿ ಅಲ್ಲೇ ಇದ್ದಿರಬಹುದು. ನಮಗೆ ಗೊತ್ತಾಗೋದೇ ಇಲ್ಲ. ಸೋತವರ ಹೆಸರು ಮತಪಟ್ಟಿಯಲ್ಲಾದರೂ ಇರುತ್ತೆ, ನಿಲ್ಲೋಕೇ ಆಗದವರ ಹೆಸರು ಎಲ್ಲೂ ಇರಲ್ಲ.

ಇದನ್ನ ನಾವು ಚಾನೆಲ್‌ನವರು ಎಷ್ಟು ಸಲ ಪ್ರೈಮ್ ಟೈಮ್‌ನಲ್ಲಿ ಮಾತಾಡಿದೀವಿ? ಪ್ರಾಮಾಣಿಕವಾಗಿ ಹೇಳ್ತೀನಿ, ಬೆರಳೆಣಿಕೆ. ಮುಖ್ಯಮಂತ್ರಿ ಬದಲಾವಣೆ ಬಗ್ಗೆ ನೂರಾರು ಗಂಟೆ ಮಾತಾಡಿದೀವಿ. ಮುಖ್ಯಮಂತ್ರಿಗಳು ತಯಾರಾಗುವ ಜಾಗಕ್ಕೆ ಬೀಗ ಬಿದ್ದಿದ್ದರ ಬಗ್ಗೆ ಅರ್ಧ ಗಂಟೆ ಕೊಡೋದಕ್ಕೂ ಟಿಆರ್‌ಪಿ ನೋಡಿದೀವಿ.

ಅವತ್ತು ಆ ಹಿರಿಯರು ಕೇಳಿದ್ದು ಸಣ್ಣ ಪ್ರಶ್ನೆ. ಎರಡು ಮೂರು ತಿಂಗಳಲ್ಲಿ ಆಗುತ್ತೆ ಅಂತ ನಾನು ಕೊಟ್ಟ ಉತ್ತರ ಸುಳ್ಳಾಯಿತು. ಮತ್ತೆ ಆ ಹೆದ್ದಾರಿಯಲ್ಲಿ ಹೋಗುವಾಗ ಅವರು ಅದೇ ಬೆಂಚಿನ ಮೇಲೆ ಸಿಕ್ಕರೆ ನಾನು ಏನು ಹೇಳಲಿ? ಅದಕ್ಕೇ ಇದನ್ನ ಬರೆದಿಟ್ಟಿದ್ದೀನಿ. ಮುಂದಿನ ಸಲ ನಿಮ್ಮ ಮನೆ ಬಾಗಿಲಿಗೆ ಓಟು ಕೇಳೋಕೆ ಯಾರೇ ಬಂದರೂ, ಯಾವ ಪಕ್ಷದವರೇ ಆದರೂ, ರಸ್ತೆ ಬಗ್ಗೆ ಕೇಳಿ, ನೀರಿನ ಬಗ್ಗೆ ಕೇಳಿ. ಜೊತೆಗೆ ಆ ಕಾಕಾ ಕೇಳಿದ ಪ್ರಶ್ನೆಯನ್ನೂ ಕೇಳಿ: ‘ಜಿಲ್ಲಾ ಪಂಚಾಯತಿ ಎಲೆಕ್ಷನ್ ಯಾವಾಗ್ರಿ?’